ಆಟಿ ತಿಂಗಳಲ್ಲಿ ಬರದ ಸಭೆ

ಬರದ ಸಭೆ ಕರೆದದ್ದು ಆಟಿ ತಿಂಗಳಲ್ಲಿ.
ಹೊರಗೆ ರಸ್ತೆ ಯಾವುದು ತೋಡು ಯಾವುದೆಂದು ತಿಳಿಯದ ಮಳೆ,
ಒಳಗೆ ಮೂಲೆಯಲ್ಲಿ ಹದಿನಾಲ್ಕು ಕೊಡೆಗಳ ಕೆಳಗೆ ಒಂದು ಸಣ್ಣ ಕೆರೆ.
'ಮೇಡಂ, ಇವತ್ತೇ ಆಗಬೇಕಾ?' ಎಂದರು ಟ್ಯಾಂಕರಿನ ಗುತ್ತಿಗೆದಾರರು.
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಕ್ಕು, ಏಪ್ರಿಲ್ ಎಂದು ಬರೆದ ಹಾಳೆ ಹಂಚಿದೆ.

ಸ್ವರ್ಣೆ ಆ ದಿನ ಬಜೆಯ ಅಣೆಕಟ್ಟನ್ನು
ಕ್ಯಾರೇ ಅನ್ನದೆ ದಾಟಿ ಹೋಗುತ್ತಿತ್ತು.
ಒಂದು ಹಗಲಲ್ಲಿ ಅದು ಕಡಲಿಗೆ ಸುರಿಯುವುದನ್ನು
ಉಡುಪಿ ಎಷ್ಟು ತಿಂಗಳು ಕುಡಿಯಬಹುದೆಂದು
ಒಮ್ಮೆ ಲೆಕ್ಕ ಹಾಕಿದ್ದೆ. ಮತ್ತೆ ಹಾಕಲಿಲ್ಲ.

ಹಲಗೆ ಇಳಿಸುವ ದಿನದಲ್ಲೇ ಎಲ್ಲ ಇದೆ.
ಬೇಗ ಇಳಿಸಿದರೆ ಅಕಾಲದ ಮಳೆಗೆ ದಂಡೆಯ ಗದ್ದೆ ಮುಳುಗುತ್ತದೆ,
ತಡವಾದರೆ ಅಷ್ಟರಲ್ಲೇ ಒರತೆ ಸೊರಗಿರುತ್ತದೆ.
ನಾನು ಗ್ರಾಫ್ ನೋಡುತ್ತೇನೆ.
ದೂಮಪ್ಪ ಸೇರಿಗಾರರು ಹೊಳೆಗೆ ಕಾಲಿಟ್ಟು ನಿಲ್ಲುತ್ತಾರೆ.
ಈ ವರ್ಷ ಎರಡೂ ಒಂದೇ ತಾರೀಕು ಹೇಳಿದವು.
ಕಳೆದ ವರ್ಷ ಹೇಳಿರಲಿಲ್ಲ; ಕಾಲು ಸರಿಯಾಗಿತ್ತು.

ಮಾರ್ಚಿನಲ್ಲಿ ದಿನಕ್ಕೆ ನಾಲ್ಕು ಸೆಂಟಿಮೀಟರ್.
ಮಗು ಬೆಳೆದಂತೆ ಗೋಡೆಯಲ್ಲಿ ಗೆರೆ ಎಳೆಯುತ್ತಾರಲ್ಲ,
ಅಳತೆಪಟ್ಟಿಯಲ್ಲಿ ಪಾಚಿಯ ಗೆರೆ ಹಾಗೆ, ಆದರೆ ಕೆಳಮುಖ.
ಪತ್ತನಾಜೆಗೆ ಹತ್ತು ಹನಿ ಎನ್ನುತ್ತದೆ ಊರು.
ನನ್ನ ಹಾಳೆಯಲ್ಲಿ ಆ ಹತ್ತು ಹನಿಗೆ ಕಾಲಂ ಇಲ್ಲ,
ಜೂನ್ ಹದಿನೈದರವರೆಗೂ ಒಣ ಎಂದೇ ಬರೆದಿದ್ದೇನೆ.

ಸೋಮವಾರ ಮಣಿಪಾಲ, ಮಂಗಳವಾರ ಮಲ್ಪೆ.
ಕೊನೆಯ ಕೊಳವೆ, ಕೊನೆಯ ಸರದಿ,
ಗುರುವಾರ ರಾತ್ರಿ ಎರಡು ಗಂಟೆ: ನಮ್ಮದೇ ಬೀದಿ.
ಪಕ್ಕದ ಮನೆಯ ಸೆಲಿನಾ ಬಾಯಿ ನಿದ್ದೆಗಣ್ಣಲ್ಲಿ ಕೊಡಪಾನ ಹಿಡಿದು
ನನ್ನ ಮುಖ ನೋಡುತ್ತಾರೆ.
ಬೈಯುವುದಿಲ್ಲ. ಅದೇ ಕಷ್ಟ.

ಮೇಯಲ್ಲಿ ಹೊಳೆಯೆಂದರೆ ಬರೀ ಗುಂಡಿಗಳು,
ಮಾಣೈಯಲ್ಲೊಂದು, ಪುತ್ತಿಗೆಯಲ್ಲೊಂದು.
ಗುಂಡಿಯಿಂದ ಗುಂಡಿಗೆ ಪಂಪಿಟ್ಟು ದಾಟಿಸುತ್ತೇವೆ,
ಆಸ್ಪತ್ರೆಯಲ್ಲಿ ಮಂಚದಿಂದ ಮಂಚಕ್ಕೆ
ಯಾರನ್ನೋ ಎತ್ತಿದ ಹಾಗೆ, ಮಾತಿಲ್ಲದೆ.

ಆಮೇಲೆ ಮಳೆ. ಘಟ್ಟದಲ್ಲಿ ರಾತ್ರಿಯಿಡೀ.
ಬೆಳಗ್ಗೆ ಹೊಳೆ ಬಂತು, ಕೆಂಪಗೆ,
ಮಡಲು, ಚಪ್ಪಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು.
ಅಷ್ಟು ಕೆಸರನ್ನು ಶುದ್ಧೀಕರಣದ ತೊಟ್ಟಿ ತಾಳಲಿಲ್ಲ;
ಪಂಪ್ ನಿಲ್ಲಿಸಿದೆವು.
ಫೋನು: 'ಮಳೆ ಬಂತಲ್ಲ ಮೇಡಂ, ಮತ್ತೆ ನೀರು ಯಾಕಿಲ್ಲ?'

ದೂಮಪ್ಪಣ್ಣ ಹಲಗೆ ಎತ್ತಲು ಹೊರಟಿದ್ದರು.
ನಾನು ರಿಸೀವರ್ ಕಿವಿಗೆ ಒತ್ತಿಕೊಂಡೇ
ಕ್ಯಾಲೆಂಡರಿನಲ್ಲಿ ಆಟಿಯ ಒಂದು ದಿನ ಹುಡುಕುತ್ತಿದ್ದೆ,
ಎಲ್ಲರೂ ನಗುವುದಕ್ಕೆ ಬಿಡುವಾಗಿರುವ ದಿನ.