ಹನ್ನೊಂದನೆಯ ಇಟ್ಟಿಗೆ

ಟಿಬಿಲಿಸಿಯ ಹಳೇಪೇಟೆಯಲ್ಲಿ
ನೆಲದಿಂದ ಅರ್ಧ ಮೇಲೆದ್ದ ಗುಮ್ಮಟಗಳ ಕೆಳಗೆ
ಇಪ್ಪತ್ತಾರು ವರ್ಷ ಹೆಂಗಸರ ಬೆನ್ನುಜ್ಜಿದ್ದೇನೆ.
ಮುಖ ಮರೆಯುತ್ತೇನೆ. ಹೆಗಲು ಮರೆಯುವುದಿಲ್ಲ.

ಪಿಟೀಲಿನವಳ ಎಡ ಹೆಗಲು ಕಿವಿಯತ್ತ ಏರಿರುತ್ತದೆ,
ಸದಾ ಏನನ್ನೋ ಕದ್ದು ಕೇಳುವಂತೆ.
ಟ್ರಾಲಿಬಸ್ಸು ಓಡಿಸುತ್ತಿದ್ದವಳಿಗೆ ಎರಡೂ ಕಲ್ಲು.
ಬಾಣಂತಿಗೆ ಒಂದೇ, ಮಗು ಮಲಗುವ ಕಡೆಯದು.
ಒರಟು ಗವಸು ತೊಟ್ಟು ಉಜ್ಜುತ್ತೇನೆ,
ಕೊಳೆ ಶ್ಯಾವಿಗೆ ಎಳೆಯಂತೆ ಉರುಳುತ್ತದೆ,
ಅವರು ಉಸ್ಸೆನ್ನುತ್ತಾರೆ.
ಆ ಉಸ್ಸಿಗೇ ನನ್ನ ಸಂಬಳ.

ಹೋದ ಚಳಿಗಾಲ ನನ್ನದೇ ಬಲಗಡೆಯ ಕೀಲಿಗೆ
ಯಾರೋ ಒಳಗಿನಿಂದ ಅಗುಳಿ ಹಾಕಿಕೊಂಡರು.
ಬಕೀಟು ಸೊಂಟದವರೆಗೆ ಬರುತ್ತಿತ್ತು, ಆಮೇಲಿಲ್ಲ.
ಕೋಟಿನ ತೋಳು ಹುಡುಕುವ ಕೈ
ಕತ್ತಲಲ್ಲಿ ಬೀಗದ ಕಂಡಿ ತಡಕುವ ಕುಡುಕ.
ಜಡೆ ಹೆಣೆಯಲಾಗದೆ ಕತ್ತರಿಸಿಬಿಡಲೇ ಎಂದುಕೊಂಡೆ.
ರಾತ್ರಿ ಆ ಮಗ್ಗುಲಿಗೆ ಹೊರಳಿದರೆ
ನಿದ್ದೆಗೆ ಹಲ್ಲು ಮೂಡುತ್ತಿತ್ತು.

ಒಬ್ಬಳು ಎಲೆಕೋಸಿನ ಎಲೆ ಕಟ್ಟೆಂದಳು, ಕಟ್ಟಿದೆ.
ಒಬ್ಬಳು ದ್ರಾಕ್ಷಿ ಸಾರಾಯಿಯಲ್ಲಿ ನೆನೆಸಿದ ಮೆಣಸಿನಕಾಯಿ.
ಹದಿನೈದು ದಿನ ಅಡುಗೆಮನೆಯ ವಾಸನೆ ಹೊತ್ತು ಓಡಾಡಿದೆ, ಅಷ್ಟೆ.

ಡಾಕ್ಟರ್ ಗೋಚಾ ಫಿಲ್ಮನ್ನು ಕಿಟಕಿಗೆ ಹಿಡಿದರು.
"ಮುರಿದಿಲ್ಲ. ಕೀಲಿನ ಚೀಲ ಹೆಪ್ಪುಗಟ್ಟಿದೆ, ಲಮಾರಾ.
ಗೋಡೆಗೆ ನಿಂತು ಬೆರಳು ಹತ್ತಿಸಿ, ಜೇಡದ ಹಾಗೆ.
ವರ್ಷ ಹಿಡಿದೀತು."
"ವರ್ಷ?"
"ಒಂದೂವರೆ" ಎಂದರು, ಚೌಕಾಸಿಯಲ್ಲಿ ಗೆದ್ದವರಂತೆ.

ಹೆಪ್ಪಂತೆ! ದಿನವಿಡೀ ಗಂಧಕದ ಬಿಸಿನೀರಿನ ಹಬೆಯಲ್ಲಿ
ಬೇಯುವವಳಿಗೆ.

ಗಿರಾಕಿಯಿಲ್ಲದ ಮುಂಜಾವುಗಳಲ್ಲಿ ಗೋಡೆ ಹತ್ತಿದೆ.
ಸೊಂಟದ ಮಟ್ಟದಿಂದ ಎಣಿಸಿದರೆ ಆರನೆಯ ಇಟ್ಟಿಗೆ,
ಅಲ್ಲಿ ನೋವು ಕಾವಲಿತ್ತು.
ಒಂದು ವಾರ ಏಳು.
ಮರುವಾರ ಮತ್ತೆ ಆರು.

ಮಂಗಳವಾರದವಳು ತ್ಸಿಯಾಲಾ.
ಬಾವಿಯಂಥ ಮಣ್ಣಿನ ಒಲೆಯೊಳಗೆ ತಲೆಕೆಳಗಾಗಿ ಬಾಗಿ
ಗೋಡೆಗೆ ರೊಟ್ಟಿ ಬಡಿಯುವವಳು;
ಮೊಣಕೈವರೆಗೆ ಒಂದು ಕೂದಲಿಲ್ಲ, ಎಲ್ಲ ಸೀದು ಹೋಗಿದೆ.
ಕಲ್ಲುಹಾಸಿನ ಮೇಲೆ ಬೋರಲು ಮಲಗಿದ್ದವಳು ತಟ್ಟನೆ ಎದ್ದು ಕೂತಳು.
"ಎಡಗೈಯಲ್ಲಿ ಉಜ್ಜುತ್ತಿದ್ದೀಯ."
ಸುಮ್ಮನಿದ್ದೆ.
"ಮಲಗು."
"ದುಡ್ಡು ಕೊಟ್ಟವರಿಗೆ ಮಾತ್ರ ಈ ಕಲ್ಲು."
"ನಾನು ಕೊಟ್ಟಿದ್ದೇನಲ್ಲ, ಅದರಲ್ಲೇ ಮಲಗು."

ಸಾವಿರ ಸಲ ತೊಳೆದ ಕಲ್ಲು
ಬೆನ್ನಿಗೆ ಇಷ್ಟು ಬೆಚ್ಚಗಿರುವುದು ಗೊತ್ತಿರಲಿಲ್ಲ.
ಗುಮ್ಮಟದ ನೆತ್ತಿಯಲ್ಲೊಂದು ತೂತು, ಅದರಲ್ಲಿ
ಒಂದು ತಟ್ಟೆಯಷ್ಟು ಆಕಾಶ;
ನಾನು ಯಾವತ್ತೂ ಬಗ್ಗಿಯೇ ಇದ್ದವಳು.

ಅವಳು ಒತ್ತಲಿಲ್ಲ, ತಿರುಚಲಿಲ್ಲ.
ಎರಡು ಅಂಗೈಗಳ ನಡುವೆ ಹೆಗಲನ್ನು ಮುಚ್ಚಿಟ್ಟು
ಹಿಟ್ಟು ಹುದುಗಲೆಂದು ಕಾಯುವವಳ ಹಾಗೆ ಕೂತಳು,
ಮೈದಾ ರೇಟು ಏರಿದ್ದರ ಬಗ್ಗೆ, ಅಳಿಯನ ಮೋಟಾರುಬೈಕಿನ ಬಗ್ಗೆ
ಬೈಯುತ್ತಾ.
ಬಿಟ್ಟದ್ದು ಮೊದಲು ದವಡೆ. ಹೆಗಲಲ್ಲ.
ಯಾರೋ ಉಸ್ಸೆಂದರು.
ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ವಾಸಿಯಾಯಿತೆಂದು ಹೇಳಲಾರೆ.
ರವಿಕೆಯ ಹಿಂದಿನ ಕೊಕ್ಕೆ ಇನ್ನೂ ದೂರದೂರು.
ಆದರೆ ಆ ರಾತ್ರಿ ನಾಲ್ಕು ತಾಸು ಮಲಗಿದೆ ಒಂದೇ ಸಮ.
ಹುಳಿಪ್ಲಮ್ಮು ಹೂಬಿಡುವ ಹೊತ್ತಿಗೆ ಜಡೆ ಹೆಣೆದೆ,
ಬಾಲ ಎಡಕ್ಕೆ ವಾಲಿತ್ತು, ಇರಲಿ.
ಮಂಗಳವಾರ ಈಗ ಮೊದಲು ಮಲಗುವವರು ಯಾರೆಂದೇ ಜಗಳ.

ಇವತ್ತು ಹನ್ನೊಂದು.
ಆ ಇಟ್ಟಿಗೆಯ ಮೂಲೆ ಒಡೆದಿದೆ, ಒಂದು ಬೆರಳು ಹಿಡಿಸುವಷ್ಟು.
ಇಷ್ಟು ವರ್ಷ ನೋಡಿಯೇ ಇರಲಿಲ್ಲ.
ನಡುಬೆರಳು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ.