ಏಳನೇ ಟ್ರ್ಯಾಕ್

ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜು.
ರಾತ್ರಿಗೆ ಮುನ್ನೂರು ಬಾಡಿಗೆ.
ಮೂಟೆಗಳೇ ಗೋಡೆ, ಸದ್ದು ಆಚೆ ದಾಟದು.
ಕಂಪ್ರೆಸರ್ ಮಾತ್ರ ನಿಲ್ಲಿಸುವಂತಿಲ್ಲ:
'ನಿಲ್ಸಿದ್ರೆ ಮೊಳ್ಕೆ ಒಡೀತವೆ' ಅಂದ ವಾಚ್‌ಮನ್ ಜವರಪ್ಪ.

ಮೂರು ರಾತ್ರಿ ಅದರೊಂದಿಗೆ ಜಗಳ.
ನಾಲ್ಕನೆಯ ರಾತ್ರಿ ತೌಸೀಫ್
ಗಿಟಾರಿನ ಕಿವಿ ಹಿಂಡಿ, ಹಿಂಡಿ,
ತಂತಿಗಳನ್ನು ಆ ಗುಂಯ್‌ಗೇ ಇಳಿಸಿದ.
ಅಷ್ಟು ಕೆಳಗೆ
ತಂತಿಯೂ ಬಟ್ಟೆ ಒಣಗುವ ಹಗ್ಗ.

ಮೆಲ್ವಿನ್ ಡ್ರಮ್ಮು ಬಿಟ್ಟು
ತಕ್ಕಡಿಯ ತಟ್ಟೆ ಬಡಿದ.
ಅರಚಲು ಬಾಯಿ ತೆರೆದೆ,
ಬಂದದ್ದು ಬರೀ ಬಿಳಿ ಉಸಿರು.
ಅದನ್ನೇ ಇಟ್ಟುಕೊಂಡೆವು.

ಹನ್ನೊಂದು ನಿಮಿಷ.
ನಡುವೆಲ್ಲೋ ಜವರಪ್ಪನ ಕೆಮ್ಮು,
ಕತ್ತರಿಸಲು ಕೈ ಬರಲಿಲ್ಲ.

ಆಲ್ಬಮ್ ಮುಗಿದ ಮೇಲೆ
ಹೆಡ್‌ಫೋನು ಅವನ ಮಫ್ಲರಿನ ಮೇಲೇ ಇಟ್ಟೆ.
ಕಣ್ಣು ಮುಚ್ಚಿ ಪೂರಾ ಕೇಳಿದ.
ಆಮೇಲೆ ಸ್ಪ್ಯಾನರ್ ಹುಡುಕುತ್ತ ಎದ್ದ:
'ಬೆಲ್ಟು ಸವ್ದೈತೆ ಕಣ್ರಪ್ಪಾ,
ಗೊತ್ತೇ ಆಗಿರ್ಲಿಲ್ಲ.'