ಮುಕ್ತ ಕಾಯಿ

ಮೊದಲನೇ ಪಿಯುಸಿ, ಜನವರಿ, ಬ್ಯಾಡಗಿ.
ಸವಣೂರ ಮೇಡಂ ಬೋರ್ಡಿನ ಮ್ಯಾಲ
ಒಂದು ಇಳಿಜಾರ ತಗದು
ಅದರ ಮ್ಯಾಲ ಒಂದು ಚೌಕ ಕೂಡ್ರಿಸಿ ಅಂದ್ರು:
ಸುತ್ತಲಿನ ಜಗತ್ತೆಲ್ಲಾ ಒರಸ್ರಿ.
ಇದನ್ನ ಮುಟ್ಟಿದ್ದು, ಎಳದಿದ್ದು, ಅಷ್ಟನ್ನ ಬಾಣ ಮಾಡ್ರಿ.
ಇದಕ್ಕ ಮುಕ್ತಕಾಯ ಚಿತ್ರ ಅಂತಾರ.

ನಾ ಬರಕೊಂಡಿದ್ದು ‘ಮುಕ್ತ ಕಾಯಿ’.
ಮೆಣಸಿನಕಾಯಿ ಅಂಗಡಿ ಗುಡಿಸಾಕಿ ಮಗಳು,
ಯ-ಕ್ಕ ಗುಡಿಸು ಕೊಡದ ಬಿಡ್ತೀನೇನು?
ಮೇಡಂ ಕೆಂಪು ಪೆನ್ನಿಲೆ ಸುತ್ತು ಹಾಕಿದ್ರು.

ಆವತ್ತಿನ ಪಾಠ ಇಷ್ಟ:
ಇಳಿಜಾರ ನಿಧಾನಕ ಎತ್ತತಾ ಹೋಗ್ರಿ,
ಒಂದು ಕೋನದಾಗ ಚೌಕ ತಾಳೂದಿಲ್ಲ, ಜಾರತೈತಿ.
ಜಾರೂದಕ್ಕ ಒಂದು ಕೂದಲೆಳಿ ಮೊದಲು
ಆ ಕೋನದ ಟ್ಯಾಂಜೆಂಟೇ ಘರ್ಷಣೆಯ ಗುಣಾಂಕ.
ತೂಕ?
ಎರಡೂ ಕಡೆ ಐತಿ, ಹೊಡದು ಹಾಕ್ರಿ.

ನಾ ಪೆನ್ನ ಹಿಡದು ಕುಂತಬಿಟ್ಟೆ.
ತೂಕ ಹೊಡದು ಹಾಕೂದು ಅಂದ್ರ
ನಮ್ಮ ಊರಾಗ ಬ್ಯಾರೇನ ಅರ್ಥ.
ಅವ್ವನ ಕೂಲಿ ಸೈತ ಕಿಲೋ ಲೆಕ್ಕ,
ಅದೂ ಕಾಯಿದು, ಮುರದ ತುಂಬಿಂದಲ್ಲ.
ಇಲ್ಲಿ ನೋಡಿದ್ರ ಚೀಲಿದ್ರೂ ಅಷ್ಟ, ಒಂದ ಕಾಯಿದ್ರೂ ಅಷ್ಟ,
ಎರಡೂ ಒಂದ ಕೋನಕ್ಕ ಜಾರತಾವಂತ.
ಅಂಥಾ ಪ್ಯಾಟಿ ಎಲ್ಲೆರ ಐತೇನು?

ಕಾಲೇಜ ಬಿಟ್ಟ ಮ್ಯಾಲ ಸೀದಾ ದಲಾಲ ಅಂಗಡಿ.
ಹದಿನಾರು ಹೆಣಮಕ್ಕಳ ನಡುವ ಅವ್ವ, ಫಕ್ಕೀರವ್ವ,
ಮೂಗಿಗೆ ಸೆರಗು, ಕಣ್ಣಷ್ಟ ಹೊರಗ,
ತುಂಬು ಮುರೀತಿರತಾಳ, ಚಿಟ್, ಚಿಟ್, ಚಿಟ್.
ಬೆನ್ನ ಹಿಂದ ಆಳೆತ್ತರ ರಾಶಿ.

ಕಂಪಾಸ ಪೆಟಗಿಯ ಕೋನಮಾಪಕ, ಒಂದು ದಾರ,
ದಾರದ ತುದಿಗೆ ಸೈಕಲ್ಲಿನ ನಟ್ಟು.
ರಾಶಿಗೆ ಪಟ್ಟಿ ಆನಿಸಿ ಅಳದೆ:
ತುಂಬಿದ್ದ ಬ್ಯಾಡಗಿ, ನಲವತ್ತೊಂದು.
ತುಂಬು ತಗದಿದ್ದು, ಮೂವತ್ತಾರು.
ಮೂಲಿಯೊಳಗ ಆಂಧ್ರದಿಂದ ಬಂದ ನುಣುಪು ಕಾಯಿ
ಮೂವತ್ಮೂರಿತ್ತು,
ಹಮಾಲ ಮೌಲಾಸಾಬ ಸೀನಿದ ಮ್ಯಾಲ ಮೂವತ್ತೆರಡು.

‘ಅವ್ವಾ, ಸುಕ್ಕು ಹೆಚ್ಚಾದಷ್ಟೂ ಜಾರೂದು ಕಡಿಮಿ!’
ಅವ್ವ ಕತ್ತೆತ್ತಲಿಲ್ಲ.
‘ತುಂಬು ತಗದ್ರ ರಾಶಿ ಕೂಡಂಗಿಲ್ಲ,
ಹಾಸ್ಕೊಂತ ಹೋಗತೈತಿ.
ಜಾಗಾ ಹೆಚ್ಚಿಗಿ ಬೇಕಂತ ಸಾವಕಾರಗ
ಹ್ವಾದ ವರ್ಷನ ಹೇಳೇನಿ.
ಕೋನ ಗೀನ ನನಗ ಗೊತ್ತಿಲ್ಲ.’

ಆಮ್ಯಾಲ ಸೊಂಟಕ್ಕ ಕೈ ಕೊಟ್ಟು ಎದ್ದು ಬಂದಳು.
ತುಂಬಿದ್ದ ರಾಶಿಯ ಬುಡದಾಗಿಂದ
ಒಂದ ಹಿಡಿ ಎಳದಳು.
ಮ್ಯಾಲಿಂದ ಸರ್ರಂತ ಕೆಂಪು ಇಳದು ಬಂತು,
ನನ್ನ ಚಪ್ಪಲಿ ಮುಚ್ಚಿತು,
ನಿಂತಿತು.
‘ಅಳೀ ಈಗ.’

ದಾರ ಅಲ್ಲಾಡೂದು ನಿಲ್ಲೂತನಾ ಕಾದೆ.
ನಲವತ್ತೊಂದು.

‘ಇನ್ನೊಂದ ಸಲ ಎಳೀಲೇನ?’ ಅಂದಳು,
ಆಟಕ್ಕ ಕರಿಯೋ ಹುಡುಗಿ ಗತೆ.
ಮತ್ತ ಮೂರು ಸಲ ಎಳದಳು.
ನಲವತ್ತೊಂದು, ನಲವತ್ತು, ನಲವತ್ತೊಂದು.
ಒಳಗಿಂದ ಸಾವಕಾರ ಒದರಿದ.
ಹೋಗಿ ಕುಂತಳು. ಚಿಟ್, ಚಿಟ್.

ರಾತ್ರಿ ಊಟಾದ ಮ್ಯಾಲ
ಒಂದ ಕಾಯಿ ಬರದೆ, ಜಗತ್ತೆಲ್ಲಾ ಒರಸಿ:
ಕೆಳಗ ಎಳೆಯೋ ಭೂಮಿಗೆ ಒಂದು ಬಾಣ,
ನೆಟ್ಟಗ ಒತ್ತೋ ರಾಶಿಗೆ ಒಂದು,
ಇಳಿಜಾರಗುಂಟ ಮ್ಯಾಲಕ್ಕ ಇನ್ನೊಂದು,
ಪಕ್ಕದ ಕಾಯಿಗಳ ಸುಕ್ಕು ಇದರ ಸುಕ್ಕನ್ನ ಹಿಡಕೊಂಡಿದ್ದು.
ಕೂಡಿಸಿದ್ರ ಸೊನ್ನಿ.
ಸುಮ್ಮನ ಕುಂತ ಕಾಯಿಗೂ ಇಷ್ಟು ಎಳದಾಟ ಇರತೈತೇನು?
ಅವ್ವ ಗ್ವಾಡಿಗೆ ಒರಗಿ ಸುಮ್ಮನ ಕುಂತಿದ್ದಳು,
ಉರಿಯೋ ಬೆರಳಿಗೆ ಕೊಬ್ಬರಿ ಎಣ್ಣಿ ಹಚ್ಚಗೋಂತ.
ಆಕಿನ್ನ ನೋಡತಾ ನೋಡತಾ ಕಣ್ಣ ತಿಕ್ಕೊಂಡೆ.
ತಿಕ್ಕೊಬಾರದಿತ್ತು.

ಸೋಮವಾರ ಮೇಡಂ ನನ್ನ ನೋಟಬುಕ್ ತಗದು
ಮೂರನೇ ಪುಟಕ್ಕ ಸೀನಿದ್ರು, ಎರಡು ಸಲ.
‘ಮುಕ್ತ ಕಾಯಿ’ಗೆ ಈ ಸಲ ಸುತ್ತಿರಲಿಲ್ಲ.
ಟ್ಯಾಂಜೆಂಟಿಗಿತ್ತು,
ದಶಾಂಶ ತಪ್ಪಿದ್ದೆ.